ಚಾವಣಿ ಪೇಟೆ ಕೆಡವಿದ ವರ್ಷ

ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮೊದಲು ನಾನು ವಿಜಾಪುರದಲ್ಲಿ ಓವರ್‌ಸಿಯರ್ ಆಗಿದ್ದೆ. ಊರ ಚೌಕದ ಹಿಂದೆ, ಕಲ್ಲುಕಂಬಗಳ ಮೇಲೆ ತಗಡು ಹೊದಿಸಿದ ಹಳೆಯ ಮಾರುಕಟ್ಟೆಯೊಂದಿತ್ತು. ಜನ ಅದನ್ನು ಚಾವಣಿ ಪೇಟೆ ಎನ್ನುತ್ತಿದ್ದರು. ಅದರ ಟ್ರಸ್‌ಗಳನ್ನು, ಅಂದರೆ ಚಾವಣಿ ಹೊತ್ತ ಮರದ ಚೌಕಟ್ಟುಗಳನ್ನು, ಪರೀಕ್ಷಿಸುವ ಕೆಲಸ ನನಗೆ ಬಂತು. ಗೆದ್ದಲು ಒಳಗೊಳಗೇ ತಿಂದುಹಾಕಿತ್ತು. ಕೆಡವಲೇಬೇಕೆಂದು ಬರೆದೆ.

ಆ ಪೇಟೆಯಲ್ಲಿ ತಿಕೋಟಾದ ಗಂಗವ್ವ ಬದನೆಕಾಯಿ, ಮೆಂತ್ಯೆಸೊಪ್ಪು ಮಾರುತ್ತಿದ್ದಳು. ಸಿಡುಬಿನಿಂದ ಚಿಕ್ಕಂದಿನಲ್ಲೇ ಅವಳ ಎರಡೂ ಕಣ್ಣು ಹೋಗಿದ್ದವು. ಪಕ್ಕದಲ್ಲಿ ಬಬಲೇಶ್ವರದ ವೀಳ್ಯದೆಲೆ ವ್ಯಾಪಾರಿ ಮಾಳಪ್ಪ. ಗಿರಾಕಿ ಪೇಟೆಯ ಬಾಗಿಲಲ್ಲಿ ಕೆಮ್ಮಿದರೂ ಸಾಕು, ಗಂಗವ್ವ ಹೆಸರು ಹಿಡಿದು ಕರೆಯುತ್ತಿದ್ದಳು.

ತೆರವಿನ ದಿನ ಉಳಿದವರೆಲ್ಲ ಎದ್ದು ಹೋದರು. ಅವಳು ಕಂಬಕ್ಕೆ ಬೆನ್ನು ಕೊಟ್ಟು ಕುಳಿತೇ ಇದ್ದಳು. ಚಾವಣಿ ಬೀಳುವ ಹಾಗಿದೆ, ಏಳು ಎಂದೆ.

“ನೀವು ಸುಳ್ಳು ಹೇಳಾಕತ್ತೀರಿ ಅನ್ನೂದಿಲ್ರಿ ಸಾಹೇಬ್ರ. ಆದ್ರ ಇದು ಹ್ವಾದ್ರ, ನಾ ಎಲ್ಲಿ ಅದೀನಿ ಅಂತ ನನಗ ಹ್ಯಾಂಗ ತಿಳೀಬೇಕ್ರಿ?”

ಮಾಳಪ್ಪ ಹಿಂದಿರುಗಿ ಬಂದು ಅವಳ ಕೈ ಹಿಡಿದ. “ಏಳ ಬೇ ಯಕ್ಕಾ, ನಾ ಅದೀನಲ್ಲ.”

ಹೊಸ ಸಂತೆ ಊರ ಹೊರಗೆ, ಬಯಲಿನಲ್ಲಿ. ಕಾಯಿಪಲ್ಲೆಗೆ ಒಂದು ಸಾಲು, ಎಲೆಗೆ ದೂರದಲ್ಲಿ ಇನ್ನೊಂದು. ಇಬ್ಬರಿಗೂ ಅಕ್ಕಪಕ್ಕ ಜಾಗ ಕೊಡಿ ಎಂದು ಮೇಲಧಿಕಾರಿಯನ್ನು ಕೇಳಿಕೊಂಡೆ. “ಒಬ್ರಿಗೆ ಬಿಟ್ರ ಎಲ್ಲಾರೂ ಕೇಳ್ತಾರ” ಎಂದರು. ಮಾಳಪ್ಪ ಆಗಾಗ ವ್ಯಾಪಾರ ಬಿಟ್ಟು ಅವಳ ಕಡೆ ಓಡುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಗಂಗವ್ವ ಬರುವುದೇ ನಿಂತಿತು.

ರಸ್ತೆ ಕೆಲಸಕ್ಕೆ ತಿಕೋಟಾಕ್ಕೆ ಹೋದಾಗ ಅವಳ ಮನೆ ಹುಡುಕಿದೆ. ಕಟ್ಟೆಯ ಮೇಲೆ ಕುಳಿತಿದ್ದಳು, ತುಂಬ ಇಳಿದುಹೋಗಿದ್ದಳು. ವ್ಯಾಪಾರ ಯಾಕೆ ಬಿಟ್ಟೆ ಎಂದು ಕೇಳಿದೆ.

“ತಗಡಿನ ಕೆಳಗ ಎಲ್ಲಾರ ದನಿ ನನ್ನ ಹತ್ರ ಬರ್ತಿತ್ರಿ. ಬಯಲಾಗ ಗಾಳಿ ಒಯ್ದ ಬಿಡ್ತೈತಿ. ಯಾರು ಕರದ್ರು, ಯಾರು ದಾಟಿ ಹ್ವಾದ್ರು, ಒಂದೂ ತಿಳೀಲಿಲ್ಲ. ಸುಮ್ನ ಕುಂತು ಬರ್ತಿದ್ನಿ.”

ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತೇನೋ. ಅವಳು ಸೊಸೆಯನ್ನು ಕರೆದು ನನಗೆ ನೀರು ಕೊಡಿಸಿದಳು. ಆ ಚಳಿಗಾಲದಲ್ಲೇ ತೀರಿಕೊಂಡಳೆಂದು ಮಾಳಪ್ಪ ಬಂದು ಹೇಳಿದ. ಆಮೇಲೆ ಅವನೂ ಸಂತೆಗೆ ಬರಲಿಲ್ಲ.

ನನ್ನ ವರದಿಯಲ್ಲಿ ತಪ್ಪಿರಲಿಲ್ಲ. ಆ ಚಾವಣಿ ಇಂದಲ್ಲ ನಾಳೆ ಯಾರ ಮೇಲಾದರೂ ಬೀಳುತ್ತಿತ್ತು. ಆದರೂ ಮುಂದೆ ನೌಕರಿಯುದ್ದಕ್ಕೂ ಯಾವ ಕಟ್ಟಡ ಕೆಡವಲು ಕಳಿಸಿದರೂ, ಅಳತೆಯ ಟೇಪು ಬಿಚ್ಚುವ ಮೊದಲು ಅಲ್ಲಿಯ ಜನರ ನಡುವೆ ಕುಳಿತು ಬರುತ್ತಿದ್ದೆ; ಯಾರಿಗೆ ಯಾರು ಆಸರೆ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದೆ. ಕಟ್ಟಡಗಳನ್ನು ಉಳಿಸುವುದು ನನ್ನ ಕೈಯಲ್ಲಿರಲಿಲ್ಲ. ಅಕ್ಕಪಕ್ಕ ಕೂತವರನ್ನು ಅಕ್ಕಪಕ್ಕದಲ್ಲೇ ಕೂರಿಸಲು ಮಾತ್ರ ಜಗಳವಾಡಿದೆ.