ಚಿಗವ್ವ ವಿಮಾನದಲ್ಲಿ ನಿದ್ದೆ ಮಾಡಿದ್ದು

ಚಿಗವ್ವ ಆ ವಿಮಾನದಲ್ಲಿ ಏಳು ತಾಸು ಗಾಢವಾಗಿ ನಿದ್ದೆ ಮಾಡಿದಳು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತಾ ಹೋದಂತೆ ಕೈ ಅದನ್ನು ಬಿಟ್ಟುಬಿಡುತ್ತದೆ. ಹಿಂದೆ ಒಮ್ಮೆ ಬಿಟ್ಟಿದೆ, ಅದರಿಂದ ಆದ ಫಜೀತಿಯೇ ಈ ಬರಹ.

ಚಿಗವ್ವ ನನ್ನ ತಾಯಿಯ ತಂಗಿ. ಕುಕನೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನ ತನಕ ಒತ್ತೊತ್ತಾಗಿ ದಾರ ಓಡಿಸಿ ಮಾಡುವ ಹೊದಿಕೆ ಅದು. ನೆಲದ ಮೇಲೆ ಕಾಲು ಚಾಚಿ, ಬಾಗಿ ಮಾಡುವ ಕೆಲಸ. ನಲವತ್ತು ವರ್ಷ ಬಾಗಿದ್ದಕ್ಕೆ ಅವಳ ಟೊಂಕ ಹೋಗಿದೆ. ನೆಲದ ಮೇಲಾದರೆ ಇಡೀ ದಿನ ಕೂಡಬಲ್ಲಳು. ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಎರಡು ತಾಸು ಕೂತರೆ ಪಾದ ಬಾತು, ಬೆನ್ನು ಸೆಟೆದುಕೊಳ್ಳುತ್ತದೆ. ಕುಷ್ಟಗಿಯ ಬಸ್ಸಿನಲ್ಲೂ ಸೀಟಿನ ಮೇಲೆ ಕಾಲು ಮಡಚಿಟ್ಟುಕೊಂಡೇ ಕೂಡುತ್ತಾಳೆ. ಬಾವು ಬಂದು ಬೆನ್ನು ಹಿಡಿದರೆ ಆಮೇಲೆ ವಾರಗಟ್ಟಲೆ ಬಾಗಿ ಸೂಜಿ ಹಿಡಿಯಲಾಗುವುದಿಲ್ಲ.

ಕೊಪ್ಪಳ ಜಿಲ್ಲೆಯಾಗಿ ಹತ್ತೋ ಹನ್ನೆರಡೋ ವರ್ಷ ಆಗಿರಬೇಕು. ದೂರದೇಶದ ಒಂದು ವಸ್ತುಸಂಗ್ರಹಾಲಯ ಅವಳನ್ನು ಕರೆಯಿತು. ಐದು ದಿನ ನೋಡುವವರ ಎದುರು ಕೂತು ಹೊಲಿಯಬೇಕು. ಮಾತು ತಿಳಿಸಲು ನಾನು ಜೊತೆಗೆ ಹೋಗಬೇಕು. ಅವರು ಕಳಿಸಿದ ಅರ್ಜಿಯಲ್ಲಿ ಆರೋಗ್ಯದ ಬಗ್ಗೆ ಒಂದು ಪ್ರಶ್ನೆ ಇತ್ತು. ಟೊಂಕದ ವಿಷಯ ಇದ್ದದ್ದು ಇದ್ದ ಹಾಗೆ ಬರೆದೆ. ಅವಳಿಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ಬಂತು, ನನಗೆ ಹಿಂದಿನ ಸಾಮಾನ್ಯ ಸೀಟು. ಬರುವಾಗ ಮಾತ್ರ ಮುಂದೆ ಜಾಗ ಸಿಗಲಿಲ್ಲವೆಂದು ಇಬ್ಬರಿಗೂ ಸಾಮಾನ್ಯ ಸೀಟೇ.

ಟಿಕೆಟ್ಟಿನ ದರ ಕೇಳಿ ಕಾಕಾ, ಅಂದರೆ ಚಿಗವ್ವನ ಗಂಡ, ಬೀಡಿ ಹಚ್ಚುವುದನ್ನು ಮರೆತ.

"ಅಷ್ಟ ರೊಕ್ಕದಾಗ ನಾಕ ಎಮ್ಮಿ ಬರ್ತಿದ್ದುವು."

"ಎಮ್ಮಿ ಹತ್ತಿ ಹೋಗ್ಲೇನು ಅಲ್ಲಿಗೆ?" ಎಂದಳು ಚಿಗವ್ವ.

ಹದಿನಾಲ್ಕು ತಾಸಿನ ಹಗಲು ಪ್ರಯಾಣ. ಅದರ ಬಗ್ಗೆ ನಾನು ಮೂರು ವರ್ಷ ಹೇಳಿಕೊಂಡು ತಿರುಗಿದ ಕತೆ ಇಷ್ಟು: ವಿಮಾನ ಮೇಲೇರಿ ಊಟ ಮುಗಿದ ಮೇಲೆ, ನಡುವಿನ ಪರದೆ ಸರಿಯಿತು. ತಲೆಯ ಮೇಲೆ ಸೆರಗು ಹೊದ್ದ ಚಿಗವ್ವ ಸೀಟುಗಳನ್ನು ಹಿಡಿದುಕೊಳ್ಳುತ್ತಾ ನನ್ನ ಕಡೆ ಬಂದಳು. ಪಕ್ಕದ ಖಾಲಿ ಸೀಟಿನಲ್ಲಿ ಕೂತು ಉಸಿರು ಬಿಟ್ಟಳು. ಅಷ್ಟು ದೊಡ್ಡ ಆಸನ ಬಿಟ್ಟು ಜನರ ನಡುವೆ ಬಂದು ಕೂತಳು, ಅಕ್ಕಪಕ್ಕದವರಿಗೆ ಶೇಂಗಾ ಹೋಳಿಗೆ ಹಂಚಿದಳು.

ಗಂಗಾವತಿಯ ಕಾಲೇಜಿನಲ್ಲಿ ಇದನ್ನು ಹೇಳಿದಾಗ ಚಪ್ಪಾಳೆ ಬಿತ್ತು. ಕುಷ್ಟಗಿಯ ಗ್ರಂಥಾಲಯದಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಶ್ರೀರಾಮನಗರದಲ್ಲಿ ಸಾಲೆಯ ಮಕ್ಕಳು ಎರಡು ಸಲ ಹೇಳಿಸಿದರು. ಆಮೇಲೆ ಅದನ್ನೇ ಲೇಖನ ಮಾಡಿದೆ. ಅದು ಇಂಗ್ಲಿಷಿಗೂ ಹೋಯಿತು. ನೆನಪು ಇಷ್ಟು ನುಣುಪಾಗಿ ಬಂದರೆ ಅನುಮಾನಿಸಬೇಕು ಎಂದು ಊರೂರಿಗೆ ಹೇಳಿಕೊಂಡು ಬಂದವನು ನಾನು. ಈ ಒಂದನ್ನು ಅನುಮಾನಿಸಲಿಲ್ಲ. ಚಪ್ಪಾಳೆ ಕಾರಣವಿರಬಹುದು.

ನಂತರ ಬೇರೊಂದು ದೇಶದ ಬೇರೊಂದು ಸಂಗ್ರಹಾಲಯದಿಂದ ಕಾಗದ ಬಂತು. ಅದನ್ನು ಹಿಡಿದುಕೊಂಡು ಖುಷಿಯಿಂದ ಕೊಪ್ಪಳದಿಂದ ಹಳ್ಳಿಗೆ ಹೋದೆ. ಚಿಗವ್ವ ಪಡಸಾಲೆಯಲ್ಲಿ ಕೂತು ಹಳೆಯ ಸೀರೆಯೊಂದರ ಅಂಚನ್ನು ಕತ್ತರಿಯಿಂದ ಬಿಚ್ಚುತ್ತಿದ್ದಳು. ಕಾಕಾ ಕಂಬಕ್ಕೆ ಒರಗಿದ್ದ. ನಾನೂ ಕಾಗದವನ್ನು ಪೂರ್ತಿ ಓದಿರಲಿಲ್ಲ. ಬಸ್ಸಿನಲ್ಲಿ ಮೊದಲ ಪುಟ ಮಾತ್ರ ಓದಿದ್ದೆ. ಒಂದೊಂದೇ ಸಾಲನ್ನು ಕನ್ನಡ ಮಾಡುತ್ತಾ ಹೋದೆ. ಆರು ದಿನ, ಇಬ್ಬರಿಗೂ ಆಹ್ವಾನ, ಗೌರವಧನ. ಪುಟ ತಿರುವಿದೆ. ನಿಂತೆ.

"ಯಾಕ ನಿಂತಿ? ಮುಂದ ಓದು."

ಓದಿದೆ. ಐಷಾರಾಮದ ಆಸನ ಬಿಟ್ಟು ಜನರ ನಡುವೆ ಬಂದು ಕುಳಿತ ಆ ತಾಯಿಯ ವಿಷಯ ಓದಿ ನಮಗೆಲ್ಲ ಕಣ್ಣು ತುಂಬಿತು. ಅವರ ಮನಸ್ಸಿಗೆ ಬೇಸರವಾಗಬಾರದೆಂದು ಈ ಸಲ ಇಬ್ಬರಿಗೂ ಅಕ್ಕಪಕ್ಕದ ಸಾಮಾನ್ಯ ಆಸನಗಳನ್ನೇ ಕಾದಿರಿಸುತ್ತಿದ್ದೇವೆ.

ಕತ್ತರಿ ನಿಂತಿತು.

"ಯಾವ ತಾಯಿ?"

"ನೀನ, ಚಿಗವ್ವ."

"ನಾ ಯಾವಾಗ ಸೀಟ ಬಿಟ್ಟ ಬಂದೆ?"

"ಬಂದಿದ್ದ್ಯಲ್ಲಾ, ನನ್ನ ಕಡೆ, ಊಟ ಆದ ಮ್ಯಾಲೆ…"

"ಬಂದಿದ್ದೆ. ಯಾಕ ಬಂದಿದ್ದೆ, ಅದನ್ನ ಹೇಳು."



"ಹೇಳ್ರಿ ಲೇಖಕರ," ಎಂದ ಕಾಕಾ, "ನಾವೂ ಕೇಳೂಣು."

ಅವಳೇ ಹೇಳಿದಳು. "ಆ ಕುರ್ಚಿ ಹೆಂಗ ಹಾಸಿಗಿ ಮಾಡ್ತಾರ ಗೊತ್ತಾಗ್ಲಿಲ್ಲ. ಒಂದ ಗುಂಡಿ ಒತ್ತಿದ್ರ ದೀಪ ಹತ್ತತಿತ್ತು, ಇನ್ನೊಂದ ಒತ್ತಿದ್ರ ವಿಮಾನದ ಹುಡುಗಿ ಓಡಿ ಬರತಿತ್ತು. ಮೂರ ಸಲ ಬಂತು ಪಾಪ. ಏನಂತ ಕೇಳ್ಲಿ ಅದನ್ನ? ಅದಕ್ಕ ನಿನ್ನ ಕರಿಯಾಕ ಬಂದೆ. ಓಡಾಡಿ ಕಾಲ ಸೋತಿದ್ದುವು, ಒಂದ ಗಳಿಗಿ ಕುಂತೆ. ನೀ ಬಂದಿ, ಆಕಿಗೆ ಹೇಳಿದಿ, ಆಕಿ ಒತ್ತಿದ್ಲು, ಕುರ್ಚಿ ಮಲಗಿತು. ನಾನೂ ಮಲಗಿದೆ."

ಹೌದು. ನಾನು ಮುಂದೆ ಹೋಗಿದ್ದೆ. ಒಂದೊಂದು ಆಸನದ ಸುತ್ತ ಮೊಣಕೈ ಎತ್ತರದ ಗೋಡೆ ಇತ್ತು. ಅವಳು ಅದನ್ನು ದನಕ್ಕೆ ಮೇವು ಹಾಕುವ ಗ್ವಾದ್ಲಿಗೆ ಹೋಲಿಸಿದ್ದಳು, ನಾನು ನಕ್ಕಿದ್ದೆ. ಕುರ್ಚಿ ನಿಧಾನವಾಗಿ ಚಪ್ಪಟೆಯಾದಾಗ ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಕೊಟ್ಟ ಹೊದಿಕೆಯ ಹೊಲಿಗೆಯನ್ನು ಹಿಂದೆ ಮುಂದೆ ಮಾಡಿ ನೋಡಿ, "ಯಂತ್ರದ್ದು, ಆದ್ರ ಬೆಚ್ಚಗೈತಿ," ಎಂದು ಎಳೆದುಕೊಂಡಿದ್ದಳು. ಇದೆಲ್ಲ ನನಗೆ ನೆನಪಿತ್ತೇ, ಅಥವಾ ಅವಳು ಹೇಳಿದ ಮೇಲೆ ಈಗ ಕಟ್ಟಿಕೊಳ್ಳುತ್ತಿದ್ದೇನೆಯೇ, ಖಚಿತವಿಲ್ಲ. ಖಚಿತವಿರುವುದು ಇಷ್ಟೇ: ಅವಳು ಖಾಲಿ ಸೀಟಿನಲ್ಲಿ ಕೂತು ಉಸಿರು ಬಿಟ್ಟ ಕಡೆ ಕತೆ ಚೆಂದ ಕಂಡಿತು, ಅಲ್ಲಿ ನಿಲ್ಲಿಸಿದೆ. ಹತ್ತಿರದವರೊಡನೆ ಮಾತಾಡಿ, ಶೇಂಗಾ ಹೋಳಿಗೆ ಹಂಚಿದ್ದು ಬರುವಾಗಿನ ಪ್ರಯಾಣದಲ್ಲಿ. ಅದನ್ನೂ ಇದಕ್ಕೆ ಸೇರಿಸಿ ಹೊಲಿದಿದ್ದೆ. ಹೋಳಿಗೆ ಹಂಚಿದವಳ ಪಾದ ಇಳಿಯುವ ಹೊತ್ತಿಗೆ ಚಪ್ಪಲಿಗೆ ಹಿಡಿಯದಷ್ಟು ಬಾತಿತ್ತು, ಬರಿಗಾಲಲ್ಲಿ ವಿಮಾನನಿಲ್ದಾಣ ದಾಟಿದಳು, ಇಪ್ಪತ್ತು ದಿನ ಸೂಜಿ ಮುಟ್ಟಲಿಲ್ಲ. ಅದು ಯಾವ ಭಾಷಣದಲ್ಲೂ ಬಂದಿರಲಿಲ್ಲ.

"ಅಷ್ಟ ಛಲೋ ಐತೇನ ಅದು?" ಕಾಕಾ ಕೇಳಿದ.

"ಹಾಸಿಗಿ ಛಲೋ ಐತಿ. ಊಟ ಸುಮಾರು." ನನ್ನ ಕಡೆ ತಿರುಗಿದಳು. "ಹೋಗುವಾಗ ಮಲಗಿದ್ದಕ್ಕ ಮರದಿನಾ ಮುಂಜಾನಿ ಕುಂತು ಹೊಲಿದೆ. ಈ ಸಲ ಬಾತ ಕಾಲ ತಗೊಂಡ ಹೋಗಿ ಅಲ್ಲಿ ಏನ್ ಮಾಡ್ಲಿ, ಆರ ದಿನಾ ಮಂದಿ ಮುಂದ ನರಳ್ಲೇನು? ಬರಿ ಅವರಿಗೆ. ಹಾಸಿಗಿ ಬೇಕಂತ ಬರಿ."

ಅಲ್ಲೇ ಕೂತು ಬರೆದೆ. ಇತ್ತೀಚೆಗೆ ಅವರ ಆರೋಗ್ಯ ತೀರಾ ಹದಗೆಟ್ಟಿರುವುದರಿಂದ, ಎಂದು ಶುರು ಮಾಡಿದೆ. ಹಾಗೆ ಬರೆದರೆ ಸೀಟೂ ಸಿಗುತ್ತದೆ, ಲೇಖನವೂ ಉಳಿಯುತ್ತದೆ.

"ಏನ್ ಬರದಿ? ಓದು."

ಓದಿದೆ.

"ನಾ ಏನ್ ಸಾಯಾಕ ಬಿದ್ದೀನೇನು? ಹಿಂಗ ಬರದ್ರ, ಬರಬ್ಯಾಡ, ಮನ್ಯಾಗ ಇರು ಅಂತಾರ. ಇದ್ದದ್ದ ಬರಿ."

"ಲೇಖನ ಅಚ್ಚಾಗೇತಿ ಚಿಗವ್ವ. ಈಗ ಇಲ್ಲಂದ್ರ ನಾ ಸುಳ್ಳ ಹೇಳೀನಿ ಅಂತಾರ."

"ಹೇಳಿದಾಂವ ನೀ. ಟೊಂಕ ನಂದು."

ಕಾಕಾ ಕೆಮ್ಮುವವರೆಗೆ ನಕ್ಕ. ನಾನು ಇನ್ನೊಂದು ಹಾಳೆ ತೆಗೆದುಕೊಂಡೆ. ಅವಳು ಹೇಳಿದಳು, ನಾನು ಇಂಗ್ಲಿಷಿನಲ್ಲಿ ಇಳಿಸಿದೆ: ಆಕೆ ಆಸನ ಬಿಟ್ಟು ಬಂದಿರಲಿಲ್ಲ. ಕುರ್ಚಿಯನ್ನು ಹಾಸಿಗೆ ಮಾಡುವುದು ಹೇಗೆಂದು ಕೇಳಲು ಬಂದಿದ್ದಳು. ಹಾಸಿಗೆಯಾದ ಮೇಲೆ ಏಳು ತಾಸು ನಿದ್ದೆ ಮಾಡಿದಳು. ಲೇಖಕ ಇದನ್ನು ಬರೆದಿರಲಿಲ್ಲ, ಲೇಖಕ ನಾನೇ. ಅದರ ಕೆಳಗೆ ಸಹಿ ಮಾಡುವಾಗ ನಾಚಿಕೆಯಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಹಗುರಾಯಿತು. ಇಷ್ಟು ಕಾಲದ ನನ್ನ ಬರವಣಿಗೆಯಲ್ಲಿ ಯಾರಿಗಾದರೂ ನೇರವಾಗಿ ಉಪಯೋಗಕ್ಕೆ ಬಂದ ಒಂದು ಪುಟವಿದ್ದರೆ ಅದೇ ಇರಬೇಕು.

ಹತ್ತು ದಿನಕ್ಕೆ ಉತ್ತರ ಬಂತು. ಚಿಗವ್ವನಿಗೆ ಹೋಗಲೂ ಬರಲೂ ಮುಂದಿನ ಆಸನ, ನನಗೆ ಹಿಂದೆ. ಲೇಖನದ ವಿಷಯ ಅವರು ಎತ್ತಲೇ ಇಲ್ಲ.

ನನ್ನ ಸೀಟು ಮೂವರ ಸಾಲಿನ ನಡುವಿನದು. ಎಡಗಡೆಯವರು ನನ್ನ ಹೆಗಲ ಮೇಲೆ ನಿದ್ದೆ ಮಾಡಿದರು, ಬಲಗಡೆಯವರು ಮೊಣಕೈ ಇಟ್ಟುಕೊಂಡು ಸಿನಿಮಾ ನೋಡಿದರು. ನನಗೆ ಕಣ್ಣು ಹತ್ತಲಿಲ್ಲ. ಆದರೂ ಬೇಸರವಿರಲಿಲ್ಲ. ಮುಂದೆ ಒಬ್ಬಳು ಕಾಲು ಚಾಚಿದ್ದಾಳೆ ಎಂಬುದು ಗೊತ್ತಿತ್ತು, ಗುಂಡಿ ಯಾವುದೆಂದು ಅವಳಿಗೂ ಗೊತ್ತಿತ್ತು. ಇಳಿದಾಗ ಅವಳ ಚಪ್ಪಲಿ ಸಡಿಲವಾಗಿಯೇ ಇತ್ತು. ನನ್ನ ಮುಖ ನೋಡಿ, "ನಿದ್ದಿ ಆಗಿಲ್ಲೇನು ತಮ್ಮಾ?" ಎಂದಳು, ಚೀಲ ಎತ್ತಿಕೊಂಡು ಮುಂದೆ ನಡೆದಳು.

ಮರುದಿನ ಸಂಗ್ರಹಾಲಯದ ಮರದ ನೆಲದ ಮೇಲೆ ಸೀರೆ ಹಾಸಿ ಕೂತಳು. ಮೊದಲ ಗುಂಪಿಗೆ ಪದರ, ದಾರ ಎಲ್ಲ ವಿವರಿಸಿದೆ. ಎರಡನೆಯ ಗುಂಪು ಬರುವ ಮೊದಲು, ಅವಳ ಹಿಂದೆ ಮಡಚಿಟ್ಟಿದ್ದ ಕೌದಿಗಳ ಮೇಲೆ ಸ್ವಲ್ಪ ಒರಗಿದೆ. ನನ್ನ ನೆನಪು ಅಲ್ಲಿಗೆ ಮುಗಿಯುತ್ತದೆ. ಮುಂದಿನದು ಊರಿಗೆ ಬಂದ ಮೇಲೆ ಅವಳು ಕಾಕಾನಿಗೆ ಹೇಳಿದ್ದು.

"ಗೊರಕಿ ಹೊಡಿಯಾಕ ಹತ್ತಿದ. ಮಂದಿ ನನ್ನ ಬಿಟ್ಟ ಇವನ್ನ ನೋಡಾಕ ನಿಂತ್ರು. ಕೌದಿ ಮ್ಯಾಲೆ ಹೆಂಗ ಮಲಗ್ತಾರ ತೋರಸಾಕ ಕರಕೊಂಡ ಬಂದಾರಂತ ತಿಳಕೊಂಡ್ರು ಕಾಣಸ್ತೈತಿ. ಫೋಟೋ ಹೊಡಕೊಂಡ್ರು. ನಾ ಎಬ್ಬಸಲಿಲ್ಲ. ಒಂದ ಕೌದಿ ಹೊಚ್ಚಿದೆ."

"ಇದನ್ನೂ ಬರಿತೀಯೇನೋ?" ಎಂದು ಕಾಕಾ ನನ್ನನ್ನು ಕೇಳಿದ.

"ಬರೀಲಿ," ಎಂದಳು ಚಿಗವ್ವ. "ನಡುವ ನಿಲ್ಲಸಬ್ಯಾಡ ಅನ್ನು."

ಆ ದಿನ ಸಂಜೆ ಸಂಗ್ರಹಾಲಯದ ಬಾಗಿಲು ಹಾಕುವವನು ಬಂದು ನನ್ನನ್ನು ಎಬ್ಬಿಸಿದ. ಅಷ್ಟರಲ್ಲಿ ಅವಳು ನಾಲ್ಕೂ ಅಂಚು ಮುಗಿಸಿ, ಒಳಗಿನ ಸಾಲಿಗೆ ಬಂದಿದ್ದಳು.