ಮೊಹರಿನ ಸಾಹೇಬರು

ನಮ್ಮ ಕಾಲೇಜಿನ ಅಂಕಪಟ್ಟಿ ಗುಮಾಸ್ತರ ಪ್ರಕಾರ ಅಮೆರಿಕದ ಬಾಗಿಲು ಇರುವುದು ಅವರ ಮೇಜಿನ ಮೇಲೆಯೇ. ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರ ಅಂಕಪಟ್ಟಿಯನ್ನು ಲಕೋಟೆಗೆ ಸೇರಿಸಿ, ಅಂಟಿಸಿದ ಅಂಚಿನ ಮೇಲೆ ಮೊಹರು ಒತ್ತುವುದು ಅವರ ಕೆಲಸ. ಒತ್ತುವ ಮೊದಲು ಕನ್ನಡಕ ಒರೆಸುತ್ತಾರೆ, ಫ್ಯಾನ್ ಆರಿಸುತ್ತಾರೆ, ಎದುರಿಗೆ ನಿಂತವರಿಗೆ "ಸ್ವಲ್ಪ ಉಸಿರು ಬಿಗಿಹಿಡೀರಿ" ಎನ್ನುತ್ತಾರೆ. "ಮೊಹರು ಸೊಟ್ಟಗಾದ್ರೆ ಯಾರೋ ಲಕೋಟೆ ಬಿಚ್ಚಿದ್ದಾರೆ ಅಂದ್ಕೋತಾರೆ, ಅರ್ಜಿ ನೇರ ಕಸದ ಬುಟ್ಟಿಗೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಲಿ ಒಂದೂ ಕೆಟ್ಟಿಲ್ಲ." ಯಾರಿಗೆ ಸೀಟು ಸಿಕ್ಕರೂ "ನಾನೇ ಕಳಿಸಿದ್ದು" ಎಂದು ಕ್ಯಾಂಟೀನಿಗೆಲ್ಲ ಸಾರಿ ಬರುತ್ತಾರೆ, ಓದಿದವರ ಪಾಲು ಅದರಲ್ಲಿ ಅಷ್ಟಕ್ಕಷ್ಟೆ. ಮೊನ್ನೆ ಅವರ ಮಗಳೇ ಅರ್ಜಿ ಹಿಡಿದು ಸರದಿಯಲ್ಲಿ ನಿಂತಿದ್ದಳು. ಮನೆಯಲ್ಲೇ ಇಸಿದುಕೊಳ್ಳಬಹುದಿತ್ತಲ್ಲ ಎಂದರೆ, "ಮನೇಲಿ ನಾನು ಬರೀ ಅಪ್ಪ ಕಣ್ರೀ" ಎಂದರು. ಅವಳ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು ಹೆಸರು ಕೇಳಿದರು, ಆಮೇಲೆ "ತಂದೆಯ ಹೆಸರು?" ಎಂದು ಕೇಳಿ, ಕೋಣೆಗೆಲ್ಲ ಕೇಳುವಂತೆ ಎರಡು ಸಲ ಹೇಳಿಸಿದರು. ಕನ್ನಡಕ ಒರೆಸಿದರು, ಫ್ಯಾನ್ ಆರಿಸಿದರು, ಒತ್ತಿದರು. ಮೊಹರು ಸೊಟ್ಟಗೆ ಬಿತ್ತು. ಇನ್ನೊಂದು ಲಕೋಟೆ ತೆಗೆದರು, ಅದೂ ಕೆಟ್ಟಿತು. ಮೂರನೆಯದೂ ಕೆಟ್ಟಿತು. ನಾಲ್ಕನೆಯದನ್ನು ಮಗಳೇ ನೆಟ್ಟಗೆ ಹಿಡಿದು, "ಸ್ವಲ್ಪ ಉಸಿರು ಬಿಗಿಹಿಡೀರಿ ಸಾರ್" ಎಂದಳು.