ಜಲ್ಲಿ ದಾರಿಯ ಐಸ್ ಪೆಟ್ಟಿಗೆ

ನನ್ನ ಬಲ ಮೊಣಕಾಲು ಈಗ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಡಾಕ್ಟರು ವಯಸ್ಸು ಎನ್ನುತ್ತಾರೆ. ವಯಸ್ಸಲ್ಲ, ಅದು ಜಲ್ಲಿ. ಎಂಬತ್ತರ ದಶಕದಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ರಸ್ತೆಗಳಿಗೆ ಸುರಿದ ಜಲ್ಲಿಯನ್ನೆಲ್ಲ ನಾನೊಬ್ಬಳೇ ಸೈಕಲ್ ತುಳಿದು ಗಟ್ಟಿ ಮಾಡಿದೆನೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಆಗ ನಾನು ಆರೋಗ್ಯ ಕೇಂದ್ರದ ನರ್ಸು. ಬಸುರಿಯರನ್ನು ನೋಡುವುದು, ಕೂಸುಗಳಿಗೆ ಲಸಿಕೆ ಹಾಕುವುದು ಕೆಲಸ. ಮೊದಲು ಕೂಡ್ಲಿಗಿ ಕಡೆ, ಆಮೇಲೆ ಕೊಟ್ಟೂರು ಕಡೆ, ಕೊನೆಗೆ ತಂಬ್ರಹಳ್ಳಿ ಕಡೆ ಹಾಕಿದರು. ಎಲ್ಲಿ ಹಾಕಿದರೂ ಬಸ್ಸು ಹೋಗದ ಊರುಗಳೇ ನನ್ನ ಪಾಲಿಗೆ. ಲೇಡೀಸ್ ಸೈಕಲ್ಲಿನ ಕ್ಯಾರಿಯರ್‌ಗೆ ಲಸಿಕೆಯ ಐಸ್ ಪೆಟ್ಟಿಗೆಯನ್ನು ಹಳೆಯ ಟ್ಯೂಬಿನಿಂದ ಬಿಗಿದು ಹೊರಟರೆ, ನೋಡಲು ಹೊಲದವರು ಕೆಲಸ ನಿಲ್ಲಿಸುತ್ತಿದ್ದರು. "ಐಸ್‌ಕ್ಯಾಂಡಿ ಐತೇನ್ರಿ ಅಕ್ಕಾರ?" ಎಂದು ಕೇಳುವವರು ದಾರಿಗೊಬ್ಬರು ಇದ್ದೇ ಇರುತ್ತಿದ್ದರು. ಮೊದಮೊದಲು ನಗುತ್ತಿದ್ದೆ. ನಗುವುದಕ್ಕೂ ಉಸಿರು ಬೇಕಲ್ಲ, ಆಮೇಲೆ ಬಿಟ್ಟೆ.

ನನ್ನನ್ನು ಎಲ್ಲಕ್ಕಿಂತ ಹೈರಾಣ ಮಾಡಿದ್ದು ತುಂಗಭದ್ರೆಯ ಹಿನ್ನೀರಿನ ದಂಡೆಯ ಒಂದು ಊರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಕೆಳಗಿನ ಮಣ್ಣು ದಾರಿ ಹೊರಬೀಳುತ್ತಿತ್ತು. ಸಪಾಟಾದ ದಾರಿ, ಹಾಡಿಕೊಂಡು ಹೋಗಬಹುದಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ನೀರು ಏರಿ ಅದನ್ನು ನುಂಗುತ್ತಿತ್ತು. ಆಗ ಉಳಿಯುವುದು ಗುಡ್ಡ ಹತ್ತಿ ಇಳಿಯುವ ಜಲ್ಲಿ ರಸ್ತೆ ಒಂದೇ. ಗುಡ್ಡದ ನೆತ್ತಿಯಿಂದ ಕಣ್ಣು ಹಾಯುವಷ್ಟು ದೂರ ನೀರು, ಅದರಲ್ಲಿ ಅರ್ಧ ಮುಳುಗಿದ ಜಾಲಿ ಗಿಡಗಳು, ಗಿಡಗಳ ಮೇಲೆ ಬೆಳ್ಳಕ್ಕಿ. ನೋಡಿದವರು ಚೆಂದ ಎನ್ನುತ್ತಿದ್ದರು. ನಾನು ನೋಡುತ್ತಿದ್ದದ್ದು ಮುಂದಿನ ಗಾಲಿಯನ್ನು ಮಾತ್ರ.

ಆ ವರ್ಷ ಅಲ್ಲಿ ಹೊಸ ಜಲ್ಲಿ ಹರಡಿದ್ದರು. ಗುಡ್ಡಕ್ಕೆ ರೋಲರ್ ಬರುವ ಮಾತಿಲ್ಲ, ಎತ್ತಿನ ಗಾಡಿಗಳೇ ರೋಲರ್. ಗಾಡಿಯವರು ಒಂದೇ ಜಾಡಿನಲ್ಲಿ ಹೋಗಬಾರದೆಂದು ರಸ್ತೆ ಗ್ಯಾಂಗಿನವರು ತಲೆ ಗಾತ್ರದ ಕಲ್ಲುಗಳನ್ನು ದಾರಿಯ ಮೇಲೆ ಅಲ್ಲಲ್ಲಿ ಇಡುತ್ತಿದ್ದರು. ಈ ವಾರ ಈ ಬದಿ, ಮುಂದಿನ ವಾರ ಆ ಬದಿ. ಗಾಡಿಗಳು ಬಳಸಿಕೊಂಡು ಹೋದಂತೆ ಜಲ್ಲಿ ಎಲ್ಲ ಕಡೆ ಕೂರುತ್ತದೆ. ಜಾಣ ಉಪಾಯವೇ. ಆದರೆ ಅಂಚಿನ ಗೇಣಗಲ ಮಣ್ಣಿನ ಮೇಲೂ ಕಲ್ಲಿಟ್ಟರೆ ಸೈಕಲ್ಲಿನವಳು ಎಲ್ಲಿ ಹೋಗಬೇಕು? ಇಳಿದು ತಳ್ಳಬೇಕು. ಬೈಯುತ್ತ ತಳ್ಳುತ್ತಿದ್ದೆ.

ಅಷ್ಟು ಕಷ್ಟಪಟ್ಟು ಹೋದರೂ ಆ ಊರು ನನಗೆ ಬಾಗಿಲು ಹಾಕಿತ್ತು. ಹಿಂದಿನ ವರ್ಷ ಲಸಿಕೆ ಹಾಕಿಸಿಕೊಂಡ ಕೂಸಿಗೆ ಜ್ವರ ಬಂದಿತ್ತು. ಅಂದಿನಿಂದ ನನ್ನ ಸೈಕಲ್ಲಿನ ಗಂಟೆ ಕೇಳಿದರೆ ತಾಯಂದಿರು ಕೂಸು ಎತ್ತಿಕೊಂಡು ಹಿತ್ತಲಿಗೆ ನಡೆಯುತ್ತಿದ್ದರು. ಪಕ್ಕದ ಊರಿನಲ್ಲಿ ಆಗಲೇ ನಾಯಿಕೆಮ್ಮು ಎದ್ದಿತ್ತು. ಅದು ಇಲ್ಲಿಗೆ ಬಂದರೆ ಹಾಲುಗೂಸುಗಳ ಗತಿ ಏನು ಎಂಬ ಹೆದರಿಕೆ ನನ್ನನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ. ಕೊನೆಗೆ ಆ ಊರಿನ ಸೂಲಗಿತ್ತಿ ಮುದುಕಿಯನ್ನು ಹಿಡಿದೆ. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿದ್ದು. ಬೆಳಗಾದರೆ ಕೂಸುಗಳನ್ನು ಅವಳ ಅಂಗಳಕ್ಕೆ ತರುತ್ತಿದ್ದರು; ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತೀಡಿ, ಹಂಡೆಯ ಬಿಸಿನೀರು ಎರೆಯುತ್ತಿದ್ದಳು.

"ಮುಂದಿನ ವಾರ ಬರ್ರಿ, ಶೇಂಗಾ ಕೀಳಾಕ ಹೋಗೋಕಿಂತ ಮೊದ್ಲ ಎಲ್ಲಾರ್ನೂ ಕೂಡಿಸ್ತೀನಿ," ಎಂದಳು. "ಮತ್ತ ಜ್ವರ ಬಂದ್ರ ನನ್ನ ಮಾತೂ ಯಾರೂ ಕೇಳಂಗಿಲ್ಲ, ನೋಡ್ರಿ."

ಹೇಳಿದ ದಿನ ಬೆಳಕು ಹರಿಯುವ ಮುಂಚೆ ಹೊರಟೆ. ಹೋಗಿ ನೋಡಿದರೆ ಅಂಗಳದಲ್ಲಿ ನಿಜವಾಗಿಯೂ ತಾಯಂದಿರು ಕೂತಿದ್ದರು. ಬರದಿದ್ದ ಕೆಲವರನ್ನು ಕರೆತರಲು, ಪೆಟ್ಟಿಗೆಯನ್ನು ನೆರಳಿನಲ್ಲಿಟ್ಟು ಓಣಿಗೆ ಹೋದೆ. ತಿರುಗಿ ಬಂದಾಗ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಮುದುಕಿ ಹಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಲಸಿಕೆಯ ಪುಟ್ಟ ಬಾಟಲಿಗಳನ್ನೆಲ್ಲ ಬಿಸಿನೀರಿನ ತಂಬಿಗೆಯಲ್ಲಿ ಮುಳುಗಿಸಿದ್ದಳು.

"ಏನ್ ಮಾಡಾಕತ್ತಿ ಅಜ್ಜಿ?"

"ಐಸಿನಾಗ ಇಟ್ಟೀರಲ್ರಿ, ಮುಟ್ಟಿದ್ರ ಕೈ ಜುಮ್ ಅಂತೈತಿ. ಅಂಥಾ ಥಂಡಿ ಎಳೇ ಮೈಯಾಗ ಹೋದ್ರ ಜ್ವರ ಬರದ ಇರತೈತೇನು? ಹೋದ ವರ್ಷ ಬಂದದ್ದೂ ಇದಕ್ಕ. ಬೆಚ್ಚಗ ಮಾಡೀನಿ, ಈಗ ಹಾಕ್ರಿ."

ಸಿಟ್ಟು ನೆತ್ತಿಗೇರಿತು. ಅದರ ಹಿಂದೆಯೇ ಗುಡ್ಡ ನೆನಪಾಯಿತು. ಅವಳನ್ನು ಬೈದು ಏನು ಫಲ? ಜೀವಮಾನವಿಡೀ ಕೂಸುಗಳಿಗೆ ಎರೆದ ಕೈ ಅದು, ಅದಕ್ಕೆ ಥಂಡಿಯೇ ವೈರಿ. ಬಿಸಿ ತಾಕಿದರೆ ಈ ಔಷಧ ಬರೀ ನೀರಾಗುತ್ತದೆ ಎಂದು ಮೆಲ್ಲಗೆ ಹೇಳಿದೆ. ಅದನ್ನೇ ಹಾಕಿ ಕಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನಾಯಿಕೆಮ್ಮಿಗೆ ತಿಳಿಯುತ್ತಿತ್ತು. ಔಷಧ ಕೆಟ್ಟಿದೆ ಎಂದರೆ ನನ್ನ ಮೇಲಿನ ನಂಬಿಕೆ ಹೋಗುತ್ತದೆ, ಇವಳು ಕೆಡಿಸಿದಳು ಎಂದರೆ ಇವಳ ಮೇಲಿನದು. ಏನು ಹೇಳಲಿ ಎಂದು ನಾನು ತಡವರಿಸುವಷ್ಟರಲ್ಲಿ ಅವಳೇ ಎದ್ದು ನಿಂತಳು.

"ಔಷಧ ನಾನ ಕೆಡಿಸೀನಿ," ಎಂದಳು, ಎಲ್ಲರಿಗೂ ಕೇಳುವಂತೆ. "ಅಕ್ಕಾರು ಬ್ಯಾರೆ ತರ್ತಾರ. ಹೊತ್ತು ಇಳಿದ ಮ್ಯಾಲ ಹೊಲದಿಂದ ಸೀದಾ ಇಲ್ಲೇ ಬರ್ರಿ."

ತರುತ್ತೇನೆ ಎಂದು ನಾನಿನ್ನೂ ಹೇಳಿರಲಿಲ್ಲ.

"ಆಕಿ ಈ ಗುಡ್ಡ ಮತ್ತ ಹತ್ತಿ ಬರ್ತಾಳೇನು?" ಎಂದು ಒಬ್ಬ ತಾಯಿ ಮಗುವನ್ನು ಬಗಲಿಗೇರಿಸಿಕೊಂಡು ಹೊರಟಳು. ಅವಳ ಮಾತು ನನ್ನ ಮನಸ್ಸಿನದೇ ಆಗಿತ್ತು.

ಹೊಟ್ಟೆಗೇನೂ ಇಲ್ಲದೆ ತಿರುಗಿ ಹೊರಟೆ. ಕೇಂದ್ರದಲ್ಲಿ ಲಸಿಕೆ ಇತ್ತು, ಆದರೆ ಕರೆಂಟು ಹೋಗಿ ಐಸ್ ಗಟ್ಟಿಯಾಗಿರಲಿಲ್ಲ. ಹಿನ್ನೀರಿನ ಮೀನು ತುಂಬುವ ಶೆಡ್ಡಿಗೆ ಹೋಗಿ ಐಸ್ ಬೇಡಿದೆ. ಅವರು ಕೊಟ್ಟರು, ಮೀನಿನ ವಾಸನೆ ಸಮೇತ. ಮಧ್ಯಾಹ್ನದ ಬಿಸಿಲಿನಲ್ಲಿ ಮತ್ತೆ ಅದೇ ಜಲ್ಲಿ, ಅದೇ ಕಲ್ಲು. ಏರಿನ ನಡುವೆ ಚೈನು ಕಳಚಿತು. ಅಲ್ಲೇ ಕೂತು, ಕೈಗೆ ಗ್ರೀಸು ಬಳಿದುಕೊಂಡು, ಈ ನೌಕರಿ ಯಾಕಾದರೂ ಬೇಕಿತ್ತು ಎಂದು ಗುಡ್ಡವನ್ನೇ ಕೇಳಿದೆ. ಐಸ್ ಕರಗುತ್ತಿದ್ದುದರಿಂದ ಉತ್ತರಕ್ಕೆ ಕಾಯಲಿಲ್ಲ.

ನೆತ್ತಿಗೆ ಬಂದು ಆಚೆ ನೋಡಿದೆ. ಎಡಗಡೆಯ ಅಂಚಿನಲ್ಲಿ ಕಲ್ಲುಗಳಿರಲಿಲ್ಲ. ಒಂದು ಮೊಳ ಅಗಲಕ್ಕೆ ಜಲ್ಲಿಯನ್ನು ಸಲಿಕೆಯಿಂದ ಬಳಿದು ಕಸಬರಿಗೆಯಿಂದ ಗುಡಿಸಿದ್ದರು. ಊರಿನವರೆಗೂ ಕೆಂಪು ಮಣ್ಣಿನ ಪಟ್ಟಿ ಇಳಿದಿತ್ತು. ಬ್ರೇಕು ಹಿಡಿಯದೆ ಇಳಿದೆ. ಕೆಳಗಿನ ತಿರುವಿನಲ್ಲಿ ಮುದುಕಿ ಕಸಬರಿಗೆ ಹಿಡಿದು ನಿಂತಿದ್ದಳು. ಅವಳ ಪಕ್ಕ ಸಲಿಕೆ ಹಿಡಿದು ನಿಂತವಳು ಬೆಳಿಗ್ಗೆ ಹಾಗೆ ಕೇಳಿಹೋದ ತಾಯಿಯೇ.

"ಗುಡ್ಡದ ಈ ಕಡೀದಷ್ಟ ನಮ್ಮೂರ ಸೀಮಿ," ಎಂದಳು ಮುದುಕಿ. "ಆ ಕಡಿ ಕಲ್ಲು ನಾವು ಮುಟ್ಟಂಗಿಲ್ಲ. ಮುಟ್ಟಿದ್ರ ಆ ಊರೋರು ಜಗಳಕ್ಕ ಬರ್ತಾರ."

ಅಂಗಳದಲ್ಲಿ ಪೆಟ್ಟಿಗೆ ತೆರೆದಾಗ ಮೀನಿನ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು. ಮುದುಕಿ ಒಂದು ಬಾಟಲಿಯನ್ನು ತನ್ನ ಕೆನ್ನೆಗೆ ಒತ್ತಿ ನೋಡಿದಳು. ಆಮೇಲೆ ಮೊದಲು ತನ್ನ ಮರಿಮಗಳನ್ನೇ ನನ್ನ ಮುಂದೆ ಹಿಡಿದಳು. ಒಬ್ಬರೂ ಎದ್ದು ಹೋಗಲಿಲ್ಲ.

"ಮುಗೀತಲ್ರಿ?" ಎಂದಳು ಕೊನೆಗೆ.

"ಇಲ್ಲ ಅಜ್ಜಿ. ಇನ್ನೂ ಎರಡು ಸಲ ಹಾಕಬೇಕು, ತಿಂಗಳಿಗೊಮ್ಮೆ. ಇವತ್ತು ಸಂಜಿಗೆ ಸ್ವಲ್ಪ ಜ್ವರಾನೂ ಬರಬಹುದು, ಹೆದರಬ್ಯಾಡ್ರಿ."

ಅವಳು ಗುಡ್ಡವನ್ನು ನೋಡಿದಳು, ಆಮೇಲೆ ನನ್ನ ಕಾಲನ್ನು. "ಜ್ವರಾನ ನಾನು ನೋಡ್ಕೊಂತೀನಿ. ನೀವು ಕಾಲು ಚಾಚ್ರಿ," ಎಂದಳು. ಸೀರೆಯನ್ನು ಮೊಣಕಾಲಿಗೆ ಸರಿಸಿ, ಎಣ್ಣೆ ತೀಡಿ, ಬೆಳಿಗ್ಗೆ ನನ್ನ ಲಸಿಕೆ ಕೆಡಿಸಿದ ಅದೇ ಹಂಡೆಯ ನೀರನ್ನು ಸುರಿದಳು. ನನಗೆ ಅಳು ಬಂತು. ಎಲ್ಲರೆದುರಿಗೇ ಅತ್ತೆ.

ಮುಂದಿನ ತಿಂಗಳು ಹೊರಟಾಗ ಏರಿನ ಬುಡದಲ್ಲೇ ಸೈಕಲ್ ಇಳಿದೆ, ತಳ್ಳುವುದು ಇದ್ದದ್ದೇ ಎಂದು. ನೋಡಿದರೆ ಆಚೆ ಊರಿನ ಸೀಮೆಯ ಈ ಏರಿನ ಅಂಚಿನಲ್ಲೂ ಕಲ್ಲುಗಳು ಸರಿದಿದ್ದವು, ಮಣ್ಣಿನ ಮೇಲೆ ಕಸಬರಿಗೆಯ ಗೆರೆಗಳಿದ್ದವು. ಸೀಮೆ ದಾಟಿ ಬಂದವರು ಯಾರೆಂದು ನಾನು ಕೇಳಲಿಲ್ಲ. ಆ ಗುಡ್ಡವನ್ನು ಅವತ್ತು ಮೊದಲ ಸಲ ತುಳಿದುಕೊಂಡೇ ಹತ್ತಿದೆ. ಜಲ್ಲಿಯನ್ನು ಮರೆಯದ ಈ ಮೊಣಕಾಲು ಮಾತ್ರ ಅದನ್ನು ನೆನಪಿಟ್ಟುಕೊಂಡಿಲ್ಲ.